ಕೊನೆಯ ಮನೆಯ ಕೊಡ



ತಪಸ್ಸುಕಾಲದ ಮೂರನೆಯ ಭಾನುವಾರ, 'ಎ' ವರ್ಷದ ವಾಚನಗಳ ಪ್ರಕಾರ, ಮಾತೆ ಧರ್ಮಸಭೆ ನಮ್ಮನ್ನು ಒಂದು ಬಾವಿಕಟ್ಟೆಗೆ ಕರೆದೊಯ್ಯುತ್ತಾಳೆ. ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯದ ಪ್ರಸಂಗ ಅದು. ನಡುಮಧ್ಯಾಹ್ನದ ಹೊತ್ತು. ದಾರಿ ನಡೆದು ದಣಿದ ಪ್ರಭು ಯಕೋಬನ ಬಾವಿಯ ಬಳಿ ಕುಳಿತಿದ್ದಾರೆ. ಶಿಷ್ಯರು ಊಟ ತರಲು ಊರೊಳಗೆ ಹೋಗಿದ್ದಾರೆ. ಆಗ ಸಮಾರಿಯದ ಹೆಣ್ಣುಮಗಳೊಬ್ಬಳು ಕೊಡ ಹಿಡಿದು ನೀರಿಗೆ ಬರುತ್ತಾಳೆ. ಲೋಕೋದ್ಧಾರಕರಾದ ಪ್ರಭು ಆಕೆಯನ್ನು ಕುಡಿಯಲು ನೀರು ಕೇಳುತ್ತಾರೆ!

ಈ ವಾಚನ ಬಂದಾಗಲೆಲ್ಲ ಗುರುಗಳಾದ ನಾವು ಜೀವಜಲದ ಬಗ್ಗೆ, ದೀಕ್ಷಾಸ್ನಾನದ ಬಗ್ಗೆ, ಆತ್ಮದ ದಾಹದ ಬಗ್ಗೆ ಪ್ರಬೋಧನೆ ನೀಡುತ್ತೇವೆ. ಅದು ಸರಿಯೇ. ಆದರೆ ಪ್ರಭು ಜೀವಜಲದ ಮಾತನ್ನು ಆರಂಭಿಸಿದ್ದು ಬಾವಿಯ ನೀರನ್ನು ಕೇಳುವ ಮೂಲಕ ಎಂಬುದನ್ನು ಮರೆಯಬಾರದು. ಅವರಿಗೆ ನಿಜವಾಗಿಯೂ ಬಾಯಾರಿತ್ತು. ಬಾವಿ ಆಳವಾಗಿತ್ತು, ಸೇದಲು ಹಗ್ಗ ಬಿಂದಿಗೆ ಅವರಲ್ಲಿರಲಿಲ್ಲ. ಮೇಲಾಗಿ, ಯೆಹೂದ್ಯರು ಸಮಾರಿಯದವರೊಂದಿಗೆ ಪಾತ್ರೆ ಹಂಚಿಕೊಳ್ಳದ ಕಾಲ ಅದು. ನೀರಿನ ಆಳ, ನೀರು ಹೊರುವ ಹೊರೆ, ನೀರಿನ ಸುತ್ತ ಇರುವ ಮಡಿಮೈಲಿಗೆ, ಈ ಮೂರೂ ಅಂದಿನ ಬಾವಿಕಟ್ಟೆಯಲ್ಲಿದ್ದವು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇವೆ. ಆದ್ದರಿಂದ ಈ ತಪಸ್ಸುಕಾಲದಲ್ಲಿ ಆ ಬಾವಿಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ನಮ್ಮ ಊರುಗಳ ಕುಡಿಯುವ ನೀರು ಹಾಗೂ ನೈರ್ಮಲ್ಯದ ಬಗ್ಗೆ ಚಿಂತಿಸೋಣ.

ಒಳ್ಳೆಯ ಊರು, ಕೆಟ್ಟ ನೀರು

ಹಳೆಯ ಒಡಂಬಡಿಕೆಯಲ್ಲಿ, ಅರಸುಗಳ ಎರಡನೆಯ ಗ್ರಂಥದಲ್ಲಿ, ಒಂದು ಪುಟ್ಟ ಪ್ರಸಂಗವಿದೆ. ಜೆರಿಕೊ ಪಟ್ಟಣದ ಜನ ಪ್ರವಾದಿ ಎಲೀಷರ ಬಳಿಗೆ ಬಂದು, ಊರೇನೋ ಒಳ್ಳೆಯ ಜಾಗದಲ್ಲಿದೆ, ಆದರೆ ನೀರು ಕೆಟ್ಟದ್ದು, ನೆಲ ಫಲ ಕೊಡುತ್ತಿಲ್ಲ ಎಂದು ತಮ್ಮ ಸಂಕಟ ತೋಡಿಕೊಳ್ಳುತ್ತಾರೆ. ಪ್ರವಾದಿ ಹೊಸ ಬಟ್ಟಲಲ್ಲಿ ಉಪ್ಪು ತರಿಸಿ ಬುಗ್ಗೆಗೆ ಹಾಕುತ್ತಾರೆ. ದೇವರು ಆ ನೀರನ್ನು ಶುದ್ಧಗೊಳಿಸುತ್ತಾರೆ. ಇಲ್ಲಿ ನಾವು ಗಮನಿಸಬೇಕಾದ ಒಂದು ವಿಷಯವಿದೆ. ಅದ್ಭುತ ನಡೆಯುವ ಮೊದಲು ಊರಿನವರು 'ನಮ್ಮ ನೀರು ಕೆಟ್ಟಿದೆ' ಎಂದು ಒಪ್ಪಿಕೊಂಡರು. ನಮ್ಮಲ್ಲಿ ಎಷ್ಟು ಊರುಗಳು ಹೀಗೆ ಒಪ್ಪಿಕೊಂಡಿವೆ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಬಯಲುಸೀಮೆಯನ್ನೇ ನೋಡೋಣ. ಪಾವಗಡ, ಶಿರಾ, ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು ಕಡೆಯ ಊರುಗಳಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಪಿನಾಕಿನಿ, ಚಿತ್ರಾವತಿ, ಪಾಲಾರ್ ನದಿಗಳ ಪಾತ್ರಗಳಲ್ಲಿ ಮಳೆ ಬಂದಾಗ ಮಾತ್ರ ನೀರು. ಹಿಂದಿನವರು ಅದಕ್ಕೇ ಸಾವಿರಾರು ಕೆರೆ ಕಟ್ಟಿದರು, ನೀರು ಹಂಚಲು ನೀರುಗಂಟಿಯನ್ನು ನೇಮಿಸಿದರು. ಕೆರೆಯ ಕೆಳಗಿನ ತೆರೆದ ಬಾವಿಯಲ್ಲಿ ಮೂವತ್ತು ನಲವತ್ತು ಅಡಿಗೇ ನೀರು ಸಿಗುತ್ತಿತ್ತು. ಈಗ ಕೆರೆಗಳು ಹೂಳು ತುಂಬಿವೆ, ಬಾವಿಗಳು ಬತ್ತಿವೆ, ಕೊಳವೆಬಾವಿ ಸಾವಿರ ಅಡಿ ದಾಟಿ ಕೆಳಗಿಳಿದಿದೆ.

ಅಷ್ಟು ಆಳದ ನೀರು ಬೇರೆ ಬಗೆಯದು. ಈ ಭಾಗದ ನೆಲದಡಿ ಇರುವುದು ಗ್ರಾನೈಟ್ ಜಾತಿಯ ಗಟ್ಟಿ ಬಂಡೆ. ಆ ಬಂಡೆಯ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಎಂಬ ಅಂಶವಿದೆ. ಮಳೆನೀರು ಬೇಗ ಬಂದು ಸೇರುವ ತೆರೆದ ಬಾವಿಯಲ್ಲಿ ಅದು ಸಾಮಾನ್ಯವಾಗಿ ಕಡಿಮೆ. ಆದರೆ ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ನಿಧಾನವಾಗಿ ಕರಗಿ ಸೇರುತ್ತಾ ಹೋಗುತ್ತದೆ. ನೀರು ಮಾತ್ರ ತಿಳಿಯಾಗಿ, ತಣ್ಣಗೆ, ರುಚಿಯಾಗಿಯೇ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ.

ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೂ 1.5 ಮಿಲಿಗ್ರಾಂ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆಗಳು ಮೂಡುತ್ತವೆ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ ಕುಡಿದ ನೀರಿನ ಗುರುತು ಅದು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಪ್ರಥಮ ಪರಮಪ್ರಸಾದದ ದಿನ ಬಿಳಿ ಉಡುಪು ತೊಟ್ಟು ಸಾಲಾಗಿ ನಿಂತ ಮಕ್ಕಳ ಫೋಟೋ ನೋಡಿದಾಗ, ಕೆಲವರು ಮಾತ್ರ ತುಟಿ ಬಿಗಿಹಿಡಿದು ನಗುತ್ತಿರುವುದನ್ನು ನಾವು ಕಂಡಿದ್ದೇವೆ. ನಾಚಿಕೆ ಸ್ವಭಾವದ ಮಕ್ಕಳೆಂದು ಮೊದಲು ಭಾವಿಸಿದ್ದೆವು. ಹಲ್ಲು ಕಾಣಬಾರದೆಂದು ಅವರು ಹಾಗೆ ನಗುತ್ತಿದ್ದರೆಂದು ತಿಳಿಯಲು ನಮಗೆ ಬಹಳ ದಿನ ಹಿಡಿಯಿತು.

ಫ್ಲೋರೈಡ್ ಹೆಚ್ಚಾದಂತೆ, ಕಾಲ ಕಳೆದಂತೆ, ಅದು ಎಲುಬಿಗಿಳಿಯುತ್ತದೆ. ಮಂಡಿ, ಸೊಂಟ, ಕತ್ತು ಬಿಗಿಯುತ್ತವೆ; ಬೆನ್ನು ಬಾಗುತ್ತದೆ. 'ವಯಸ್ಸಾಯಿತು, ವಾಯು' ಎಂದು ಜನ ಎಣ್ಣೆ ಹಚ್ಚಿಕೊಂಡು ಸುಮ್ಮನಾಗುತ್ತಾರೆ. ಒಮ್ಮೆ ಎಲುಬಿಗೆ ಇಳಿದ ಈ ಬೇನೆಯನ್ನು ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. ನೀರನ್ನು ಬದಲಾಯಿಸುವುದೇ ಮುಖ್ಯ ದಾರಿ. ಜೊತೆಗೆ ಸುಣ್ಣದಂಶವಿರುವ ರಾಗಿ, ಹಾಲು, ನುಗ್ಗೆಸೊಪ್ಪು, ನೆಲ್ಲಿಕಾಯಿಯಂಥ ಹುಳಿಹಣ್ಣುಗಳು ಮೈಗೆ ಸ್ವಲ್ಪ ರಕ್ಷಣೆ ಕೊಡುತ್ತವೆ. ಮುದ್ದೆಯ ನಾಡಿನವರಾದ ನಮಗೆ ದೇವರು ಕೊಟ್ಟ ರಾಗಿಯನ್ನು ಬಿಡಬಾರದೆನ್ನಲು ಇದೂ ಒಂದು ಕಾರಣ.

ಕುದಿಸಿದರೆ ಸಾಕೇ?

ಬಹಳ ಮನೆಗಳಲ್ಲಿ ತಾಯಂದಿರು ಹೇಳುವ ಮಾತೊಂದಿದೆ: 'ನಾವು ಕುದಿಸಿಯೇ ಕುಡಿಯೋದು.' ಅವರ ಕಾಳಜಿ ದೊಡ್ಡದು. ಆದರೆ ನೀರಿನಲ್ಲಿ ಎರಡು ಬಗೆಯ ಕೇಡುಗಳಿವೆ ಎಂಬುದನ್ನು ಅರಿಯಬೇಕು. ಒಂದು ಜೀವ ಇರುವ ಕೇಡು: ಮಲದಿಂದ ಬರುವ ರೋಗಾಣುಗಳು. ವಾಂತಿಭೇದಿ, ಕಾಮಾಲೆ, ಟೈಫಾಯ್ಡ್ ಇವುಗಳಿಂದಲೇ. ನೀರನ್ನು ಕೊತಕೊತ ಕುದಿಸಿದರೆ, ಅಥವಾ ತಕ್ಕ ಪ್ರಮಾಣದಲ್ಲಿ ಕ್ಲೋರಿನ್ ಬೆರೆಸಿದರೆ, ಇವು ಸಾಯುತ್ತವೆ. ಇನ್ನೊಂದು ಜೀವ ಇಲ್ಲದ ಕೇಡು: ಫ್ಲೋರೈಡ್, ನೈಟ್ರೇಟ್ ಮುಂತಾದ ಕರಗಿದ ಲವಣಗಳು. ಕುದಿಸಿದರೆ ಇವು ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಇವು ಇನ್ನಷ್ಟು ಗಟ್ಟಿಯಾಗುತ್ತವೆ! ಬಟ್ಟೆಯಲ್ಲಿ ಸೋಸಿದರೂ, ಮೇಣದಬತ್ತಿಯಾಕಾರದ ಫಿಲ್ಟರಿನಲ್ಲಿ ಇಳಿಸಿದರೂ ಅಷ್ಟೇ.

ಹಾಗಾಗಿ ಯಾವ ಕೇಡು ನಮ್ಮ ನೀರಿನಲ್ಲಿದೆ ಎಂದು ಮೊದಲು ತಿಳಿಯಬೇಕು. ಕಣ್ಣಿಗೆ, ನಾಲಿಗೆಗೆ ಇದು ತಿಳಿಯದು, ಪರೀಕ್ಷೆಯೇ ಆಗಬೇಕು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಿಗೆ ಸಾರ್ವಜನಿಕರೂ ನೀರನ್ನು ಕೊಟ್ಟು ಪರೀಕ್ಷೆ ಮಾಡಿಸಬಹುದು. ಜಲಜೀವನ ಯೋಜನೆಯಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ನೀಡಬೇಕೆಂಬ ನಿಯಮವಿದೆ. ನಮ್ಮ ಊರಿನ ಆ ಐವರು ಯಾರು? ಅವರಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು ಯಾಕಿರಬಾರದು?

ನಮ್ಮದೇ ಒಂದು ತಪ್ಪು

ಈಗ ನಮ್ಮ ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ದಾನಿಯೊಬ್ಬರ ನೆರವಿನಿಂದ ನಮ್ಮ ಚರ್ಚಿನ ಎದುರು ಶುದ್ಧ ಕುಡಿಯುವ ನೀರಿನ ಘಟಕವೊಂದನ್ನು ಹಾಕಿಸಿದೆವು. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಒಂದು ಕ್ಯಾನು ನೀರು. ಆಶೀರ್ವಚನವಾಯಿತು, ರಿಬ್ಬನ್ ಕತ್ತರಿಸಿದ್ದಾಯಿತು, ಅಮೃತಶಿಲೆಯ ಫಲಕವೂ ಬಂತು. ಇಂಥ ಘಟಕದಲ್ಲಿ ನೀರನ್ನು ಒತ್ತಡದಿಂದ ಬಹು ಸೂಕ್ಷ್ಮವಾದ ಪೊರೆಯ ಮೂಲಕ ಹಾಯಿಸುತ್ತಾರೆ. ಫ್ಲೋರೈಡ್ ಬಹುಪಾಲು ಹಿಂದೆ ಉಳಿಯುತ್ತದೆ. ಆ ಪೊರೆಯನ್ನು ಕಾಲಕಾಲಕ್ಕೆ ತೊಳೆಯಬೇಕು, ಅವಧಿ ಮುಗಿದಾಗ ಬದಲಾಯಿಸಬೇಕು. ಅದರ ಖರ್ಚು ಯಾರದು, ನಾಣ್ಯದ ಹಣ ಯಾರ ಕೈಯಲ್ಲಿರಬೇಕು, ಲೆಕ್ಕ ಯಾರಿಗೆ ಒಪ್ಪಿಸಬೇಕು, ಇದನ್ನೆಲ್ಲ ನಾವು ಯೋಚಿಸಿಯೇ ಇರಲಿಲ್ಲ. ಎರಡು ವರ್ಷದಲ್ಲಿ ಘಟಕ ನಿಂತಿತು. ಅದರ ನೆರಳಿನಲ್ಲಿ ಮೇಕೆಗಳು ಮಲಗಿದವು. ಫಲಕ ಮಾತ್ರ ಹೊಳೆಯುತ್ತಿತ್ತು.

ಅದನ್ನು ಮತ್ತೆ ನಡೆಸಲು ಮನೆಮನೆಗೆ ಹೋಗಿ ವಿಚಾರಿಸುವಾಗ ಇನ್ನೊಂದು ಸಂಗತಿ ತಿಳಿಯಿತು. ಊರಿನ ಕೆಳಗಿನ ಕೇರಿಯವರು ಘಟಕ ಕೆಡುವುದಕ್ಕೆ ಬಹಳ ಮೊದಲೇ ಅಲ್ಲಿಗೆ ಬರುವುದನ್ನು ಬಿಟ್ಟಿದ್ದರು. ಮತ್ತೆ ಕೊಳವೆಬಾವಿಯ ತೊಂಬೆ ನೀರನ್ನೇ ಕುಡಿಯುತ್ತಿದ್ದರು. ಅಲ್ಲಿನ ಅಜ್ಜಿಯೊಬ್ಬರನ್ನು, 'ನೀರು ಚೆನ್ನಾಗಿರಲಿಲ್ಲವೇ ಅಜ್ಜಿ?' ಎಂದು ಕೇಳಿದೆವು. ಅವರು ಹೇಳಿದರು: 'ನೀರು ಚೆನ್ನಾಗೇ ಇತ್ತು ಸ್ವಾಮೇರೆ, ನನ್ನ ಮಂಡಿ ಚೆನ್ನಾಗಿರ್ಲಿಲ್ಲ. ಕ್ಯಾನು ಹೊತ್ಕೊಂಡು ಬರೋರು ಯಾರು?'

ಪ್ರಿಯರೇ, ಆ ಮಾತು ಕೇಳಿ ನಮ್ಮ ಬಾಯಿ ಕಟ್ಟಿತು. ಕೆಟ್ಟ ನೀರು ಕುಡಿದು ಯಾರ ಮಂಡಿ ಬಿಗಿದಿತ್ತೋ ಅವರಿಗೇ ಒಳ್ಳೆಯ ನೀರನ್ನು ಹೊತ್ತು ತರುವ ಶಕ್ತಿ ಇರಲಿಲ್ಲ. ಯಾರಿಗೆ ಹೆಚ್ಚು ಅಗತ್ಯವಿತ್ತೋ ಅವರಿಂದಲೇ ನಾವು ನೀರನ್ನು ದೂರ ಇಟ್ಟಿದ್ದೆವು. ಇಂದು ಆ ಘಟಕವನ್ನು ಮಹಿಳೆಯರ ಸ್ವಸಹಾಯ ಸಂಘವೊಂದು ನಡೆಸುತ್ತಿದೆ. ದಿನಕ್ಕೆ ನೂರು ಕ್ಯಾನು ಹೋದರೆ ತಿಂಗಳಿಗೆ 15,000 ರೂಪಾಯಿ ಸೇರುತ್ತದೆ. ಅದರಲ್ಲೇ ಪೊರೆ, ಫಿಲ್ಟರು, ವಿದ್ಯುತ್ತಿನ ಖರ್ಚು. ಲೆಕ್ಕದ ಪುಸ್ತಕ ಎಲ್ಲರಿಗೂ ತೆರೆದಿದೆ. ಕೆಳಗಿನ ಕೇರಿಗೆ ತಳ್ಳುಗಾಡಿಯಲ್ಲಿ ಕ್ಯಾನು ಹೋಗುತ್ತದೆ. ದೊಡ್ಡ ಸಾಧನೆಯೇನಲ್ಲ. ಆದರೆ ಒಂದು ಪಾಠ ಕಲಿತೆವು: ನೀರಿನ ಯೋಜನೆ ಯಶಸ್ವಿಯಾಯಿತೇ ಎಂದು ತಿಳಿಯಬೇಕಾದರೆ ಯಂತ್ರವನ್ನಾಗಲಿ ಫಲಕವನ್ನಾಗಲಿ ನೋಡಬಾರದು, ಊರಿನ ಕೊನೆಯ ಮನೆಯ ಕೊಡವನ್ನು ನೋಡಬೇಕು.

ಇಂಥ ಘಟಕಗಳಿಗೂ ಒಂದು ಮಿತಿಯಿದೆ. ಶುದ್ಧ ನೀರಿನ ಜೊತೆಗೆ ಬಹಳಷ್ಟು ನೀರು ತ್ಯಾಜ್ಯವಾಗಿ ಹೊರಬರುತ್ತದೆ. ಫ್ಲೋರೈಡ್ ಅದರಲ್ಲಿ ಇನ್ನೂ ಗಟ್ಟಿಯಾಗಿರುತ್ತದೆ. ಅದನ್ನು ಬಾವಿಯ ಪಕ್ಕಕ್ಕೋ ಕೆರೆಗೋ ಬಿಟ್ಟರೆ ತೆಗೆದ ವಿಷವನ್ನು ಮತ್ತೆ ನೆಲಕ್ಕೇ ಕುಡಿಸಿದಂತೆ.

ನಲ್ಲಿ ಬಂದ ಮೇಲೆ

2019ರ ಆಗಸ್ಟ್ 15ರಂದು ಜಲಜೀವನ ಯೋಜನೆ ಘೋಷಣೆಯಾದಾಗ ದೇಶದ ಹಳ್ಳಿಗಳಲ್ಲಿ 3.23 ಕೋಟಿ ಮನೆಗಳಿಗೆ, ಅಂದರೆ ನೂರರಲ್ಲಿ ಸುಮಾರು ಹದಿನೇಳು ಮನೆಗಳಿಗೆ ಮಾತ್ರ ನಲ್ಲಿ ಸಂಪರ್ಕವಿತ್ತು. 2025ರ ಹೊತ್ತಿಗೆ ಈ ಸಂಖ್ಯೆ 15 ಕೋಟಿ ದಾಟಿತು. 2024ಕ್ಕೆ ಮುಗಿಯಬೇಕಿದ್ದ ಯೋಜನೆಯ ಅವಧಿಯನ್ನು 2028ರವರೆಗೆ ವಿಸ್ತರಿಸುವುದಾಗಿ 2025ರ ಬಜೆಟ್ಟಿನಲ್ಲಿ ಪ್ರಕಟಿಸಲಾಯಿತು. ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್, ಮಾನಕಕ್ಕೆ ತಕ್ಕ ಶುದ್ಧ ನೀರು ಎಂಬುದು ಅದರ ಗುರಿ. ಇದು ಸಣ್ಣ ಕೆಲಸವಲ್ಲ. ಮೈಲಿಗಟ್ಟಲೆ ನಡೆದ ತಾಯಂದಿರ ತಲೆಯ ಮೇಲಿನ ಭಾರವನ್ನು ಇಳಿಸಿದ ಕೆಲಸ. ಅದಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲಿಸೋಣ.

ಆದರೆ ನಲ್ಲಿ ಬಂದ ಮಾತ್ರಕ್ಕೆ ನೀರು ಬಂತೆಂದಲ್ಲ. ಅದೇ ಕೊಳವೆಬಾವಿಯ ನೀರು ನಲ್ಲಿಯಲ್ಲಿ ಬಂದರೆ ಫ್ಲೋರೈಡ್ ಮನೆಬಾಗಿಲಿಗೇ ಬಂದಂತಾಯಿತು. ಇನ್ನು ನೀರು ಬಿಡುವ ಹೊತ್ತಿಗೆ ಮೇಲಿನ ಬೀದಿಯ ಕೆಲವು ಮನೆಗಳಲ್ಲಿ ಪೈಪಿಗೆ ನೇರವಾಗಿ ಮೋಟಾರ್ ಹಾಕಿ ಎಳೆಯುತ್ತಾರೆ. ಮನೆಯ ಸಂಪು ತುಂಬುತ್ತದೆ, ಕೊನೆಯ ಬೀದಿಯ ನಲ್ಲಿಯಲ್ಲಿ ಗಾಳಿ ಬರುತ್ತದೆ. ಜೆರುಸಲೇಮಿನ ಕೊಳದ ದಡದಲ್ಲಿ ಮಲಗಿದ್ದ ಆ ಮೂವತ್ತೆಂಟು ವರ್ಷದ ರೋಗಿ ಪ್ರಭುವಿನ ಬಳಿ ಹೇಳಿಕೊಂಡದ್ದೂ ಇದೇ ಅಲ್ಲವೇ? ತನ್ನನ್ನು ನೀರಿಗಿಳಿಸುವವರಿಲ್ಲ, ತಾನು ಹೋಗುವಷ್ಟರಲ್ಲಿ ಬೇರೊಬ್ಬರು ಮುಂದಾಗಿ ಇಳಿದಿರುತ್ತಾರೆ ಎಂದು.

ಮೋಟಾರ್ ಹಾಕುವುದರಲ್ಲಿ ಇನ್ನೊಂದು ಅಪಾಯವಿದೆ. ಪೈಪಿನಲ್ಲಿ ನೀರು ತುಂಬಿ ಹರಿಯುವಾಗ ಒಳಗಿನ ಒತ್ತಡ ಹೊರಗಿನ ಕೊಳೆಯನ್ನು ತಡೆಯುತ್ತದೆ. ಮೋಟಾರಿನಿಂದ ಎಳೆದಾಗ ಒಳಗಿನ ಒತ್ತಡ ಬಿದ್ದುಹೋಗಿ, ಸಡಿಲವಾದ ಜೋಡಣೆ ಇರುವಲ್ಲಿ ಪಕ್ಕದ ಚರಂಡಿಯ ನೀರನ್ನು ಪೈಪು ಒಳಕ್ಕೆ ಹೀರಿಕೊಳ್ಳುತ್ತದೆ. ಹೀಗೆ ಒಂದು ಮನೆಯ ಆಸೆಯಿಂದ ಇಡೀ ಊರಿನ ಮಕ್ಕಳಿಗೆ ವಾಂತಿಭೇದಿ ಬರಬಹುದು. ಇಷ್ಟು ವರ್ಷಗಳಿಂದ ಪಾಪನಿವೇದನೆ ಕೇಳುತ್ತಿರುವ ನಮ್ಮ ಬಳಿ 'ಪೈಪಿಗೆ ಮೋಟಾರ್ ಹಾಕಿದೆ' ಎಂದು ಹೇಳುವವರು ಅಪರೂಪ. ಅದು ಪಾಪವೆಂದು ನಮ್ಮಲ್ಲಿ ಯಾರಿಗೂ ಅನ್ನಿಸಿಯೇ ಇಲ್ಲ.

ದೂರದ ನೀರು ಬಂದರೆ ಎಲ್ಲ ಸರಿಹೋಗುತ್ತದೆಂದು ಕೆಲವರು ಹೇಳುತ್ತಾರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಹೆಚ್ಚಿಸಲು ಬಿಟ್ಟ ನೀರೇ ಹೊರತು ಕುಡಿಯಲು ಬಿಟ್ಟದ್ದಲ್ಲ. ಆ ಕೆರೆಗಳ ಸಮೀಪದ ಕೊಳವೆಬಾವಿಯಿಂದ ಕುಡಿಯುವವರು ನೀರನ್ನು ಪರೀಕ್ಷಿಸಿಯೇ ಕುಡಿಯಬೇಕು. ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ನದಿಯ ನೀರು ಬರಲಿ, ಸ್ವಾಗತ. ಆದರೆ ಅದೂ ಇದೇ ಪೈಪುಗಳಲ್ಲಿಯೇ ಹರಿಯಬೇಕು. ಈ ಮೋಟಾರುಗಳು ಆಗಲೂ ಇದ್ದರೆ ಕೊನೆಯ ಮನೆಗೆ ಆಗಲೂ ಗಾಳಿಯೇ.

ಶೌಚಾಲಯವೂ ನೀರಿನ ವಿಷಯವೇ

ನೈರ್ಮಲ್ಯದ ಮಾತನ್ನು ಪ್ರಬೋಧನೆಯಲ್ಲಿ ಎತ್ತಲು ನಮಗೆ ಸಂಕೋಚ. ಪವಿತ್ರ ಗ್ರಂಥಕ್ಕೆ ಆ ಸಂಕೋಚವಿಲ್ಲ. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿ, ಪಾಳೆಯದ ಹೊರಗೆ ಬಹಿರ್ದೆಸೆಗೆ ಒಂದು ಜಾಗವಿರಬೇಕು, ಸಲಿಕೆಯಂಥದ್ದನ್ನು ಒಯ್ದು ಗುಂಡಿ ತೋಡಿ ಮಲವನ್ನು ಮಣ್ಣಿನಿಂದ ಮುಚ್ಚಬೇಕು ಎಂದು ವಿಧಿಸಲಾಗಿದೆ. ಕಾರಣ? ದೇವರು ಆ ಪಾಳೆಯದ ನಡುವೆ ಸಂಚರಿಸುತ್ತಾರೆ. ದೇವರು ನಡೆಯುವ ನೆಲ ಶುಚಿಯಾಗಿರಬೇಕು ಎಂಬುದು ಮೋಶೆಯ ಕಾಲದ ಅರಿವು.

2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದಿಂದ ಹಳ್ಳಿಗಳಲ್ಲಿ ಲಕ್ಷಾಂತರ ಶೌಚಾಲಯಗಳು ಎದ್ದವು. 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತ ಬಯಲುಶೌಚ ಮುಕ್ತವೆಂದು ಘೋಷಣೆಯೂ ಆಯಿತು. ಆದರೂ ಕೆಲವು ಮನೆಗಳ ಶೌಚಾಲಯದಲ್ಲಿ ಇಂದಿಗೂ ಸೌದೆ, ಕುರುಳು ಇಟ್ಟಿರುವುದನ್ನು ಕಾಣುತ್ತೇವೆ. 'ನೀರಿಲ್ಲ' ಎನ್ನುವುದು ಒಂದು ಕಾರಣ. 'ಗುಂಡಿ ತುಂಬಿದರೆ ಏನು ಮಾಡೋದು?' ಎನ್ನುವುದು ಇನ್ನೊಂದು.

ಇದಕ್ಕೆ ಉತ್ತರ ಎರಡು ಗುಂಡಿಯ ಶೌಚಾಲಯ. ಸುಮಾರು ನಾಲ್ಕು ಅಡಿ ಆಳದ ಎರಡು ಗುಂಡಿಗಳು. ಗೋಡೆಯಲ್ಲಿ ಜಾಲರಿಯಂತೆ ಕಿಂಡಿಗಳು. ತಳಕ್ಕೆ ಕಾಂಕ್ರೀಟ್ ಇಲ್ಲ. ಒಂದು ಸಲಕ್ಕೆ ಒಂದೇ ಗುಂಡಿಯ ಬಳಕೆ. ಅದು ಕೆಲವು ವರ್ಷಗಳಲ್ಲಿ ತುಂಬಿದಾಗ ದಾರಿ ತಿರುಗಿಸಿ ಇನ್ನೊಂದಕ್ಕೆ ಬಿಡಬೇಕು. ಮುಚ್ಚಿಟ್ಟ ಮೊದಲ ಗುಂಡಿಯಲ್ಲಿರುವುದು ಒಂದೂವರೆ ಎರಡು ವರ್ಷದಲ್ಲಿ ವಾಸನೆಯಿಲ್ಲದ ಮಣ್ಣಿನಂಥ ಗೊಬ್ಬರವಾಗುತ್ತದೆ. ಇಳಿಜಾರು ಹೆಚ್ಚಿರುವ ಗ್ರಾಮೀಣ ಬೇಸಿನ್ ಹಾಕಿಸಿದರೆ ಒಂದೆರಡು ಲೀಟರ್ ನೀರು ಸಾಕು. ಆಳವಾಗಿ ತೋಡಿದರೆ ತುಂಬುವುದೇ ಇಲ್ಲವೆಂದು ಇಪ್ಪತ್ತು ಅಡಿ ಗುಂಡಿ ತೋಡಿಸುವವರಿದ್ದಾರೆ. ಅದು ದೊಡ್ಡ ತಪ್ಪು. ಮಲ ಅಂತರ್ಜಲಕ್ಕೆ ಹತ್ತಿರವಾದಷ್ಟೂ ರೋಗಾಣುಗಳೂ ನೈಟ್ರೇಟೂ ಕುಡಿಯುವ ನೀರಿಗೆ ಸೇರುತ್ತವೆ. ಗುಂಡಿಗೂ ಬಾವಿ ಅಥವಾ ಕೊಳವೆಬಾವಿಗೂ ಕನಿಷ್ಠ 10 ಮೀಟರ್ ಅಂತರವಿರಲಿ; ಬಂಡೆ ಬಿರುಕಿನ ನೆಲದಲ್ಲಿ ಇನ್ನೂ ಹೆಚ್ಚಿರಲಿ.

ಇನ್ನೊಂದು ಮಾತು. ತುಂಬಿದ ಗುಂಡಿಯೊಳಗೆ ಮನುಷ್ಯನನ್ನು ಇಳಿಸಿ ಮಲ ಬಾಚಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆ ಇಲ್ಲದಿದ್ದರೂ, ಶಿಷ್ಯರ ಪಾದ ತೊಳೆದ ಪ್ರಭುವಿನ ಮಕ್ಕಳು ಇನ್ನೊಬ್ಬನನ್ನು ಆ ಗುಂಡಿಗೆ ಇಳಿಸಬಹುದೇ?

ಮಳೆ ಎಂಬ ದಾನ

ಫ್ಲೋರೈಡ್ ಇಲ್ಲದ ನೀರು ನಮಗೆ ಪ್ರತಿ ವರ್ಷ ಆಕಾಶದಿಂದಲೇ ಬರುತ್ತದೆ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 300 ಚದರ ಮೀಟರಿನ ಚರ್ಚಿನ ಚಾವಣಿಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಸುರಿದರೆ 1,80,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾಯಿತೆಂದರೂ 1,44,000 ಲೀಟರ್ ಉಳಿಯುತ್ತದೆ. ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರ್ ಬೇಕಾಗುವ ಹದಿನೈದು ಸಂಸಾರಗಳಿಗೆ ಅದು ವರ್ಷಪೂರ್ತಿ ಸಾಕು. ಹಿಡಿದಿಡಲು ದೊಡ್ಡ ತೊಟ್ಟಿ ಬೇಕು, ನಿಜ. ಆದರೆ ಮನೆಯ ಚಿಕ್ಕ ತೊಟ್ಟಿಯೂ ಮಳೆಗಾಲವಿಡೀ ಕುಡಿಯುವ ನೀರು ಕೊಡುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡಬೇಕು, ಸೋಸಿ ಹಿಡಿಯಬೇಕು, ಬೆಳಕೂ ಸೊಳ್ಳೆಯೂ ಹೋಗದಂತೆ ಮುಚ್ಚಿಡಬೇಕು, ರೋಗಾಣು ಸೇರದಂತೆ ಕುದಿಸಿ ಕುಡಿಯಬೇಕು. ನಮ್ಮ ರಾಜ್ಯದಲ್ಲಿ 'ಸುವರ್ಣ ಜಲ' ಯೋಜನೆಯಡಿ ಸಾವಿರಾರು ಹಳ್ಳಿಶಾಲೆಗಳಿಗೆ ಮಳೆನೀರಿನ ತೊಟ್ಟಿಗಳು ಬಂದವು. ನೋಡಿಕೊಳ್ಳುವವರಿಲ್ಲದೆ ಎಷ್ಟೋ ಕಡೆ ಪಾಳುಬಿದ್ದವು. ನಮ್ಮ ಘಟಕದ ಕಥೆಯೇ ಅಲ್ಲಿಯೂ.

ಪಾಸ್ಖದ ರಾತ್ರಿಗೆ ಸಿದ್ಧತೆ

ಶುದ್ಧ ನೀರು ಮತ್ತು ನೈರ್ಮಲ್ಯ ಮಾನವ ಹಕ್ಕೆಂದು ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದು ಒಪ್ಪಿಕೊಂಡಿತು. ಅದಕ್ಕೂ ಮೊದಲು, 2009ರಲ್ಲಿ, ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಅನ್ನ ನೀರುಗಳನ್ನು ಎಲ್ಲ ಮಾನವರ ಹಕ್ಕೆಂದು ಕಾಣಬೇಕೆಂದು ಬೋಧಿಸಿದ್ದರು. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪರಿಪತ್ರದಲ್ಲಿ ಇನ್ನೂ ಮುಂದೆ ಹೋಗಿ, ಕುಡಿಯುವ ನೀರಿಲ್ಲದ ಬಡವರಿಗೆ ಈ ಲೋಕ ದೊಡ್ಡ ಸಾಮಾಜಿಕ ಋಣ ತೀರಿಸಬೇಕಿದೆ ಎಂದರು. ಗಮನಿಸಿ: ದಾನವೆನ್ನಲಿಲ್ಲ, ಋಣವೆಂದರು. ದಾನವನ್ನು ಕೊಟ್ಟು ಮರೆಯಬಹುದು. ಋಣವನ್ನು ತೀರುವವರೆಗೆ ಹೊರಬೇಕು.

ಹಾಗಾದರೆ ಈ ತಪಸ್ಸುಕಾಲದಲ್ಲಿ ನಾವೇನು ಮಾಡೋಣ?

ಮೊದಲನೆಯದಾಗಿ, ನಮ್ಮ ಮನೆಯ, ಶಾಲೆಯ, ಚರ್ಚಿನ ನೀರನ್ನು ಪರೀಕ್ಷೆ ಮಾಡಿಸೋಣ. ವರದಿಯನ್ನು ಕಪಾಟಿನಲ್ಲಿಡದೆ ಚರ್ಚಿನ ಸೂಚನಾ ಫಲಕದಲ್ಲಿ ಹಾಕೋಣ.

ಎರಡನೆಯದಾಗಿ, ಪೈಪಿಗೆ ಹಾಕಿದ ಮೋಟಾರನ್ನು ಕಳಚೋಣ. ಮಾಂಸ ಬಿಡುವ ಉಪವಾಸಕ್ಕಿಂತ ಇದು ಕಷ್ಟದ್ದು, ಆದ್ದರಿಂದಲೇ ಮಾಡತಕ್ಕದ್ದು.

ಮೂರನೆಯದಾಗಿ, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸಭೆಗೆ ಹೋಗೋಣ. ಅದರ ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಕೊನೆಯ ಬೀದಿಯವರು ಆ ಸಭೆಯಲ್ಲಿ ಕುಳಿತಿದ್ದಾರೆಯೇ, ಅವರ ಮಾತನ್ನು ಬರೆದುಕೊಳ್ಳುತ್ತಾರೆಯೇ ಎಂದು ನೋಡೋಣ.

ನಾಲ್ಕನೆಯದಾಗಿ, ನೀರಿನ ಕಂದಾಯವನ್ನು ಸಕಾಲಕ್ಕೆ ಕಟ್ಟೋಣ. ಪೈಪು ಒಡೆದರೆ, ನೀರುಗಂಟಿಗೆ ಸಂಬಳ ಬಾರದಿದ್ದರೆ, ಕೇಳುವ ಹಕ್ಕನ್ನೂ ಬಳಸೋಣ.

ಕೊನೆಯದಾಗಿ ಒಂದು ಬಿನ್ನಹ. ಪಾಸ್ಖ ಜಾಗರಣೆಯ ರಾತ್ರಿ ಗುರುಗಳು ನೀರನ್ನು ಆಶೀರ್ವದಿಸುತ್ತಾರೆ. ಆ ನೀರಿನಲ್ಲಿ ಹೊಸಬರು ದೀಕ್ಷಾಸ್ನಾನ ಪಡೆಯುತ್ತಾರೆ, ನಾವು ನಮ್ಮ ದೀಕ್ಷೆಯ ವಾಗ್ದಾನಗಳನ್ನು ನವೀಕರಿಸುತ್ತೇವೆ, ಆ ಹನಿಗಳು ನಮ್ಮೆಲ್ಲರ ತಲೆಯ ಮೇಲೆ ಬೀಳುತ್ತವೆ. ಸಾಮಾನ್ಯವಾಗಿ ಆ ನೀರನ್ನು ಗುರುನಿವಾಸದ ನಲ್ಲಿಯಿಂದಲೇ ತುಂಬಿಸುತ್ತೇವೆ. ಈ ಸಲ ಅದು ಊರಿನ ಕೊನೆಯ ಮನೆಯಿಂದ ಬರಲಿ. ಅಲ್ಲಿಯ ತಾಯಿಯೊಬ್ಬಳು ತನ್ನ ನಲ್ಲಿಯಿಂದ ಕೊಡ ತುಂಬಿಸಿ ಪೀಠದ ಬಳಿಗೆ ತರಲಿ.

ಆ ನಲ್ಲಿಯಲ್ಲಿ ನೀರೇ ಬಾರದಿದ್ದರೆ? ಬಂದ ನೀರು ಕುಡಿಯಲು ಯೋಗ್ಯವಲ್ಲವೆಂದು ವರದಿ ಹೇಳಿದರೆ? ಆಗ ಹಬ್ಬದೊಳಗೆ ನಾವೆಲ್ಲ ಸೇರಿ ಮಾಡಬೇಕಾದ ಕೆಲಸ ಯಾವುದೆಂದು ನಮಗೆ ತಿಳಿಯಿತು. ಅಷ್ಟರಲ್ಲಿ ಮುಗಿಯದಿದ್ದರೆ ಆ ತಾಯಿ ಖಾಲಿ ಕೊಡವನ್ನೇ ತಂದು ಪೀಠದ ಮುಂದಿಡಲಿ. ಆ ರಾತ್ರಿ ನಾವು ನವೀಕರಿಸುವ ವಾಗ್ದಾನಗಳಿಗೆ ಆ ಖಾಲಿ ಕೊಡವೇ ಸಾಕ್ಷಿಯಾಗಿರಲಿ.

ಬಾವಿಕಟ್ಟೆಯಲ್ಲಿ ಬಾಯಾರಿ ಕುಳಿತ ಪ್ರಭು ಇಂದೂ ನಮ್ಮೂರಿನ ಕೊನೆಯ ಬೀದಿಯಲ್ಲಿ ಕುಳಿತಿದ್ದಾರೆ. ಒಂದು ಲೋಟ ತಣ್ಣೀರು ಕೊಟ್ಟವರಿಗೂ ಪ್ರತಿಫಲ ತಪ್ಪದೆಂದು ಹೇಳಿದ ಅವರು ನಮ್ಮ ಕುಟುಂಬಗಳನ್ನು, ನಮ್ಮ ಊರಿನ ಎಲ್ಲ ಕೇರಿಗಳನ್ನು, ನಮ್ಮ ನೆಲವನ್ನು, ನೀರನ್ನು ಹರಸಲಿ. ಆಮೆನ್.